ಮಗಳು ಮತ್ತೆ ಮತ್ತೆ ಪಾಪನಿವೇದನೆಗೆ ಹೋಗ್ತಾಳೆ: ಇದು ಭಕ್ತಿಯಾ, ಭಯವಾ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಕಥೋಲಿಕ ಶಾಲೆಯಲ್ಲಿ ಓದುತ್ತಿದ್ದಾಳೆ. ನಾವೂ ಕಥೋಲಿಕರೇ. ಹೋದ ವರ್ಷ ಶಾಲೆಯಲ್ಲಿ ಮೂರು ದಿನದ ಧ್ಯಾನಕೂಟ (ಪ್ರಾರ್ಥನೆ, ಉಪದೇಶದ ಶಿಬಿರ) ಇತ್ತು. ಅದಾದ ಮೇಲೆ ಅವಳು ಮೊದಲಿನ ಹಾಗಿಲ್ಲ. ರಾತ್ರಿ ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿದರೂ ಮೊದಲಿಂದ ಶುರು ಮಾಡುತ್ತಾಳೆ. ವಾರಕ್ಕೆ ಎರಡು ಮೂರು ಸಲ ಪಾಪನಿವೇದನೆಗೆ, ಅಂದರೆ ಚರ್ಚಿನ ಗುರುಗಳ (ಪಾದ್ರಿಗಳ) ಬಳಿ ತಪ್ಪು ಹೇಳಿಕೊಂಡು ಕ್ಷಮೆ ಕೇಳಲು, ಹೋಗುತ್ತಾಳೆ. "ಅಮ್ಮಾ, ಮನಸ್ಸಲ್ಲಿ ಕೆಟ್ಟ ಯೋಚನೆ ಬಂತು, ದೇವರು ಕ್ಷಮಿಸ್ತಾನಾ?" ಅಂತ ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ಟೀಚರ್ ಮಾತ್ರ "ಎಂಥಾ ಭಕ್ತಿ" ಎಂದು ಹೊಗಳಿದರು. ಧರ್ಮವನ್ನು ತಲೆಗೆ ತುಂಬಿ ಮಗುವನ್ನು ಹಾಳು ಮಾಡಿದ್ದಾರೆ, ಶಾಲೆ ಬಿಡಿಸೋಣ ಅನ್ನುತ್ತಾರೆ ನನ್ನ ಗಂಡ. ಶಾಲೆಯ ಗೋಡೆ ಮೇಲೆ "ವಿಶ್ವಾಸ, ಮೌಲ್ಯ, ಮಕ್ಕಳ ಕ್ಷೇಮ" ಎಂದು ದೊಡ್ಡದಾಗಿ ಬರೆದಿದೆ. ದೇವರ ನಂಬಿಕೆ ಮಕ್ಕಳ ಮನಸ್ಸಿಗೆ ಒಳ್ಳೆಯದಾ, ಕೆಟ್ಟದ್ದಾ? ಶಾಲೆ ಬಿಡಿಸಬೇಕಾ?

ಉತ್ತರ: ಮೊದಲು ಮಗಳ ವಿಷಯ, ಆಮೇಲೆ ಶಾಲೆಯ ವಿಷಯ.

ನೀವು ಬರೆದಿರುವುದನ್ನು ಓದಿದರೆ ಇದು ಭಕ್ತಿಯ ಹಾಗೆ ಕಾಣುವುದಿಲ್ಲ. ಭಕ್ತಿ ಮಾಡಿದವರಿಗೆ ಪ್ರಾರ್ಥನೆ ಮುಗಿದ ಮೇಲೆ ಸ್ವಲ್ಪವಾದರೂ ನೆಮ್ಮದಿ ಸಿಗುತ್ತದೆ. ನಿಮ್ಮ ಮಗಳಿಗೆ ಪ್ರಾರ್ಥನೆ ಮುಗಿಯುವುದೇ ಇಲ್ಲ. ಇದು ಗೀಳು ಕಾಯಿಲೆಯ (ಒ.ಸಿ.ಡಿ.) ಒಂದು ರೂಪ ಇರಬಹುದು ಎಂಬ ಅನುಮಾನ ನನಗಿದೆ. ಪತ್ರ ಓದಿ ಕಾಯಿಲೆಯ ಹೆಸರು ಹೇಳುವುದು ಸರಿಯಲ್ಲ. ಅದಕ್ಕೇ ಮಕ್ಕಳ ಮಾನಸಿಕ ತಜ್ಞರನ್ನು ಈ ವಾರದಲ್ಲೇ ಕಾಣಿ. ಅವಳು ಸಾಯುವ ಮಾತಾಡಿದರೆ, ಊಟ ಬಿಟ್ಟರೆ, ತನ್ನನ್ನು ತಾನು ನೋಯಿಸಿಕೊಂಡರೆ ವಾರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಗೀಳು ಅಂದ ಕೂಡಲೇ ಗಾಬರಿ ಬೇಡ. ನೂರು ಜನರಲ್ಲಿ ಒಬ್ಬಿಬ್ಬರಿಗೆ ಬದುಕಿನಲ್ಲಿ ಯಾವಾಗಲಾದರೂ ಬರುವ ತೊಂದರೆ ಇದು. ಬೇಡವಾದ ಒಂದು ಯೋಚನೆ ಮನಸ್ಸಿಗೆ ನುಗ್ಗುತ್ತದೆ, ಜೊತೆಗೆ ದಿಗಿಲೂ ಬರುತ್ತದೆ. ದಿಗಿಲು ಇಳಿಸಿಕೊಳ್ಳಲು ಮಗು ಏನೋ ಒಂದು ಮಾಡುತ್ತದೆ: ಕೈ ತೊಳೆಯುತ್ತದೆ, ಚಿಲಕ ನೋಡುತ್ತದೆ, ಪ್ರಾರ್ಥನೆಯನ್ನು ಮತ್ತೆ ಹೇಳುತ್ತದೆ. ಐದು ನಿಮಿಷ ಹಗುರ. ಆಮೇಲೆ ಅದೇ ಯೋಚನೆ ಇನ್ನಷ್ಟು ಜೋರಾಗಿ ವಾಪಸು. ಹಗುರವಾದದ್ದೇ ಇಲ್ಲಿ ಎಡವಟ್ಟು ಮಾಡುತ್ತದೆ. "ಪ್ರಾರ್ಥನೆ ಮತ್ತೆ ಹೇಳಿದ್ದಕ್ಕೇ ನಾನು ಬಚಾವಾದೆ" ಅಂತ ಮನಸ್ಸು ಕಲಿತುಬಿಡುತ್ತದೆ.

ಗೀಳಿಗೆ ತನ್ನದೇ ಬಟ್ಟೆ ಅಂತ ಇಲ್ಲ. ಮನೆಯಲ್ಲಿ ಏನು ನೇತುಹಾಕಿದ್ದಾರೋ ಅದನ್ನೇ ತೊಟ್ಟುಕೊಳ್ಳುತ್ತದೆ. ಮಗುವಿಗೆ ಯಾವುದು ತುಂಬ ಮುಖ್ಯವೋ ಅಲ್ಲಿಗೇ ಕೈ ಹಾಕುತ್ತದೆ. ಎಳೇ ಕೂಸಿನ ತಾಯಿಗೆ ಗೀಳು ಬಂದರೆ ಕೂಸಿಗೆ ನಾನೇ ಏನಾದರೂ ಮಾಡಿಬಿಟ್ಟರೆ ಎಂಬ ಭಯವಾಗಿ ಬರಬಹುದು. ದೇವರನ್ನು ಪ್ರೀತಿಸುವ ಹುಡುಗಿಗೆ ಅದು ದೇವರ ವಿಷಯದಲ್ಲೇ ಬರುತ್ತದೆ. ಹಾಗಾಗಿ ನಿಮ್ಮ ಗಂಡ ಹೇಳಿದ್ದರಲ್ಲಿ ಅರ್ಧ ಸರಿಯಲ್ಲ. ಧರ್ಮವೇ ಈ ಕಾಯಿಲೆ ತಂದಿತು ಅನ್ನಲು ಆಗುವುದಿಲ್ಲ. ಇನ್ನರ್ಧಕ್ಕೆ ಆಮೇಲೆ ಬರುತ್ತೇನೆ.

ಈ ಕಾಟ ಕಥೋಲಿಕ ಧರ್ಮಸಭೆಗೆ (ಚರ್ಚಿಗೆ) ಹೊಸದಲ್ಲ. ಮನೋವೈದ್ಯರು ಇದಕ್ಕೆ ಹೆಸರಿಡುವ ಎಷ್ಟೋ ಮುಂಚೆಯೇ ಗುರುಗಳು ಇದನ್ನು ಸ್ಕ್ರೂಪಲ್ ಎಂದು ಕರೆಯುತ್ತಿದ್ದರು. ಲ್ಯಾಟಿನ್‌ನಲ್ಲಿ ಸ್ಕ್ರೂಪುಲಸ್ ಅಂದರೆ ಚೂಪಾದ ಪುಟ್ಟ ಕಲ್ಲು. ಚಪ್ಪಲಿಯೊಳಗೆ ಅಂಥ ಕಲ್ಲು ಸಿಕ್ಕಿದರೆ ಹೆಜ್ಜೆ ಹೆಜ್ಜೆಗೂ ಚುಚ್ಚುತ್ತದಲ್ಲ, ಹಾಗೆ. ಯೇಸುಸಭೆ ಎಂಬ ಗುರುಗಳ ಸಂಘವನ್ನು (ಜೆಸ್ವಿಟ್) ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನ್‌ನ ಮನ್ರೇಸಾದಲ್ಲಿದ್ದಾಗ ಇದೇ ಕಾಟಕ್ಕೆ ಸಿಕ್ಕಿದ್ದರು. ಹೇಳಿದ ಪಾಪವನ್ನೇ ಮತ್ತೆ ಮತ್ತೆ ನಿವೇದಿಸುತ್ತಿದ್ದರು. ಏನೋ ಬಿಟ್ಟುಹೋಯಿತು ಅನ್ನಿಸುತ್ತಲೇ ಇತ್ತು. ತಾವಿದ್ದ ಕೋಣೆಯ ದೊಡ್ಡ ಕಿಂಡಿಯಿಂದ ಹಾರಿ ಸತ್ತುಬಿಡೋಣ ಎಂಬ ಯೋಚನೆಯೂ ಬಂದಿತ್ತು ಎಂದು ತಮ್ಮ ಬದುಕಿನ ಕಥೆಯಲ್ಲಿ ಅವರೇ ಹೇಳಿಸಿದ್ದಾರೆ. ಒಂದು ವಾರ ಏನೂ ತಿನ್ನದೆ ಇದ್ದರು. ಪಾಪನಿವೇದನೆ ಕೇಳುವ ಗುರು "ಉಪವಾಸ ನಿಲ್ಲಿಸು" ಎಂದು ಅಪ್ಪಣೆ ಮಾಡಬೇಕಾಯಿತು. ಕೊನೆಗೆ, ಹಳೆಯ ಪಾಪಗಳನ್ನು ಇನ್ನು ಮುಂದೆ ಹೇಳುವುದೇ ಇಲ್ಲ ಎಂದು ತೀರ್ಮಾನಿಸಿದರು. ಆಗಲೇ ಬಿಡುಗಡೆ ಸಿಕ್ಕಿದ್ದು. ಇವತ್ತಿನ ಚಿಕಿತ್ಸೆಯೂ ಹೆಚ್ಚುಕಡಿಮೆ ಇದನ್ನೇ ಕಲಿಸುತ್ತದೆ.

18ನೇ ಶತಮಾನದ ಸಂತ ಅಲ್ಫೋನ್ಸಸ್ ಲಿಗೋರಿಯವರಿಗೂ ಇದು ಇತ್ತು. ಅದೇ ಅಲ್ಫೋನ್ಸಸ್‌ರನ್ನು 1950ರಲ್ಲಿ ಪೋಪ್ ಹನ್ನೆರಡನೇ ಪಯಸ್, ಪಾಪನಿವೇದನೆ ಕೇಳುವ ಗುರುಗಳ ಪಾಲಕ ಸಂತರನ್ನಾಗಿ ಘೋಷಿಸಿದರು. ಮಗಳಿಗೆ ಇದನ್ನು ಹೇಳಿ. ತನಗೊಬ್ಬಳಿಗೇ ಹೀಗೆ ಅನ್ನಿಸುವುದು ಸ್ವಲ್ಪ ತಗ್ಗೀತು.

ಇನ್ನೊಬ್ಬರ ಕಥೆ ನಿಮ್ಮ ಮಗಳಿಗೆ ಇನ್ನೂ ಹತ್ತಿರದ್ದು. ಫ್ರಾನ್ಸ್‌ನ ಲಿಸ್ಯೂವಿನ ಸಂತ ತೆರೇಸಾ ಎಂಟು ವರ್ಷದವಳಾಗಿದ್ದಾಗ, 1881ರಲ್ಲಿ, ಸನ್ಯಾಸಿನಿಯರ ಶಾಲೆಗೆ ಸೇರಿದಳು. ಓದಿನಲ್ಲಿ ಚುರುಕು ಅಂತ ದೊಡ್ಡ ಹುಡುಗಿಯರ ತರಗತಿಯಲ್ಲಿ ಕೂರಿಸಿದರು. ಹೊಟ್ಟೆಕಿಚ್ಚು ಪಟ್ಟ ದೊಡ್ಡ ಹುಡುಗಿಯೊಬ್ಬಳು ಅವಳನ್ನು ಪೀಡಿಸುತ್ತಿದ್ದಳು. ತೆರೇಸಾ ಯಾರಿಗೂ ಹೇಳಲಿಲ್ಲ, ಸುಮ್ನೆ ಅಳುತ್ತಿದ್ದಳು. 1885ರಲ್ಲಿ ಅದೇ ಶಾಲೆಯ ಧ್ಯಾನಕೂಟದ ನಂತರ ಪಾಪದ ಗೀಳು ಶುರುವಾಯಿತು. ಮರುವರ್ಷ ತಲೆನೋವು ಜಾಸ್ತಿಯಾಗಿ ಶಾಲೆ ಬಿಡಿಸಿದರು. ಶಾಲೆಯ ಆ ಐದು ವರ್ಷ ತನ್ನ ಬದುಕಿನ ಅತಿ ದುಃಖದ ಕಾಲ ಎಂದು ಆಮೇಲೆ ಬರೆದಳು. ಅವಳು 1925ರಲ್ಲಿ ಸಂತಳಾದಳು, 1997ರಲ್ಲಿ ಧರ್ಮಸಭೆಗೆ ದಾರಿ ತೋರಿದ ದೊಡ್ಡ ಬೋಧಕರಾದ ಆಚಾರ್ಯರ ಸಾಲಿಗೂ ಸೇರಿದಳು. ಕಥೋಲಿಕ ಶಾಲೆ ನಡೆಸುವವರು ಅವಳ ಪಟ ಹಾಕುವಾಗ ಈ ಐದು ವರ್ಷವನ್ನೂ ನೆನಪಿಟ್ಟುಕೊಂಡರೆ ಒಳ್ಳೆಯದು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಅಷ್ಟು ಭಕ್ತಿಯ ಶಾಲೆ, ಅಂಥ ಮಗು. ಆದರೂ ಅವಳು ಅಳುವುದನ್ನು ಯಾರೂ ಸರಿಯಾಗಿ ಗಮನಿಸಲಿಲ್ಲ.

ಈಗ ಮನೆಯಲ್ಲಿ ಏನು ಮಾಡಬೇಕು ಅಂತ ನೋಡೋಣ. "ದೇವರು ಕ್ಷಮಿಸ್ತಾನಾ?" ಎಂದು ಅವಳು ಕೇಳಿದಾಗ ನೀವು "ಖಂಡಿತ ಕ್ಷಮಿಸ್ತಾನೆ ಕಂದಾ" ಅನ್ನುತ್ತಿರಬೇಕು. ಯಾವ ತಾಯಿ ಬೇರೆ ಏನು ಹೇಳಿಯಾಳು? ಆದರೆ ಹತ್ತನೇ ಸಲ ಕೊಡುವ ಆ ಸಮಾಧಾನವೂ ಗೀಳಿನ ಭಾಗವಾಗಿಬಿಡುತ್ತದೆ. ಒಂದೇ ಸಲಕ್ಕೆ ನಿಲ್ಲಿಸಿಬಿಡಬೇಡಿ, ಅವಳು ಒದ್ದಾಡಿಹೋಗುತ್ತಾಳೆ. ಅವಳು ನೆಮ್ಮದಿಯಾಗಿದ್ದಾಗ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ: "ಒಂದು ಸಲ ಉತ್ತರ ಹೇಳ್ತೀನಿ. ಮತ್ತೆ ಕೇಳಿದರೆ, ಇದು ಗೀಳು ಕೇಳ್ತಿರೋದು, ನೀನಲ್ಲ ಅಂತ ಹೇಳ್ತೀನಿ. ಆಗ ಜೊತೆಗೆ ಕೂತಿರ್ತೀನಿ, ಉತ್ತರ ಮಾತ್ರ ಕೊಡಲ್ಲ." ತಜ್ಞರು ಮಾಡುವ ಚಿಕಿತ್ಸೆಯ ಮೂಲವೂ ಇದೇ. ದಿಗಿಲು ಹುಟ್ಟಿಸುವ ಯೋಚನೆಯನ್ನು ಬರಲು ಬಿಡುವುದು, ಆದರೆ ಅದನ್ನು ಅಳಿಸುವ ಕೆಲಸ ಮಾಡದೆ ಇರುವುದು. ಮೊದಲು ಚಿಕ್ಕ ಹೆಜ್ಜೆ, ಆಮೇಲೆ ದೊಡ್ಡದು. ಕೆಲವು ಮಕ್ಕಳಿಗೆ ಮಾತ್ರೆಯೂ ಬೇಕಾಗುತ್ತದೆ. ಗೀಳಿನ ಮಾತ್ರೆ ಪೂರ್ತಿ ಕೆಲಸ ಮಾಡಲು 8ರಿಂದ 12 ವಾರ ಹಿಡಿಯುತ್ತದೆ. ಎರಡೇ ವಾರಕ್ಕೆ "ಏನೂ ಉಪಯೋಗ ಇಲ್ಲ" ಎಂದು ಬಿಡಬೇಡಿ.

ಚಿಕಿತ್ಸೆಯ ಹೆಸರಿನಲ್ಲಿ ದೇವರನ್ನು ಬಿಡಿಸುವ ಅಗತ್ಯ ಇಲ್ಲ. ಹಾಗೆ ಹೇಳುವ ತಜ್ಞರು ಸಿಕ್ಕರೆ ಬೇರೆಯವರನ್ನು ನೋಡಿ. "ಪ್ರಾರ್ಥನೆ ಸಾಕು, ಡಾಕ್ಟರ್ ಯಾಕೆ" ಅನ್ನುವ ಗುರುಗಳು ಸಿಕ್ಕರೂ ಅಷ್ಟೇ, ಬೇರೆಯವರನ್ನು ನೋಡಿ.

ಇಲ್ಲಿ ಒಬ್ಬ ಒಳ್ಳೆಯ ಗುರುವಿನ ಸಹಾಯ ನಿಮಗೆ ಬೇಕೇ ಬೇಕು. ಪಾಪದ ಗೀಳು ಇರುವವರಿಗೆ ಧರ್ಮಸಭೆಯ ಹಳೆಯ ಸಲಹೆ ಬಹಳ ಜಾಣತನದ್ದು. ಒಬ್ಬರೇ ಗುರುವಿನ ಬಳಿ ಹೋಗು. ಹಳೆಯದನ್ನು ಕೆದಕಬೇಡ. ಅವರು ಸಾಕು ಅಂದರೆ ಸಾಕು. ಮಗಳು ಬೇರೆ ಬೇರೆ ಫಾದರ್ ಬಳಿ ಹೋಗುತ್ತಿದ್ದರೆ ಯಾರಿಗೂ ಪೂರ್ತಿ ಚಿತ್ರ ಸಿಗುವುದಿಲ್ಲ. ಒಬ್ಬರನ್ನು ಗೊತ್ತುಮಾಡಿ, ಪಾಪನಿವೇದನೆಯ ಹೊರಗೆ ಕೂತು ನೀವೇ ವಿಷಯ ತಿಳಿಸಿ, ಮಗಳಿಗೂ ಗೊತ್ತಿರಲಿ. ತಿಂಗಳಿಗೆ ಒಂದೇ ಸಲ ಬಾ ಎಂದು ಅವರು ಹೇಳಿದರೆ ಅದರ ತೂಕ ನಿಮ್ಮ ಹತ್ತು ಮಾತಿಗಿಂತ ಜಾಸ್ತಿ. ಒಂದು ವಿಷಯ ನೆನಪಿರಲಿ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಅವರು ನಿಮಗಾಗಲಿ ಡಾಕ್ಟರಿಗಾಗಲಿ ಹೇಳುವ ಹಾಗಿಲ್ಲ. ಅದು ಮುರಿಯಲಾಗದ ಗುಟ್ಟು. ಆದ್ದರಿಂದ ಪಾಪನಿವೇದನೆಯೇ ಆಪ್ತಸಮಾಲೋಚನೆ ಅಂತ ಶಾಲೆ ಅಂದುಕೊಂಡಿದ್ದರೆ ಅದು ತಪ್ಪು ಲೆಕ್ಕ.

ಬೇಡವಾದ ಯೋಚನೆ ಪಾಪವಾ ಎಂಬ ಪ್ರಶ್ನೆಗೆ ಧರ್ಮಸಭೆಯ ಉತ್ತರ ಸ್ಪಷ್ಟವಾಗಿದೆ. ಧರ್ಮಸಭೆಯ ಬೋಧನೆಯನ್ನು ಒಟ್ಟುಮಾಡಿ ಹೇಳುವ 1992ರ ಕ್ಯಾಟಕಿಸಂ ಪುಸ್ತಕದ ಪ್ರಕಾರ ಒಂದು ಕೆಲಸ ಘೋರ ಪಾಪ ಆಗಬೇಕಾದರೆ ವಿಷಯ ದೊಡ್ಡದಿರಬೇಕು, ಪೂರ್ತಿ ತಿಳಿದಿರಬೇಕು, ಬೇಕೆಂದೇ ಒಪ್ಪಿ ಮಾಡಿರಬೇಕು. ಭಯ, ಅಭ್ಯಾಸ, ಮನಸ್ಸಿನ ತೊಂದರೆ ಇದ್ದರೆ ಹೊಣೆ ಕಡಿಮೆಯಾಗುತ್ತದೆ ಎಂದೂ ಅದೇ ಹೇಳುತ್ತದೆ. ನುಗ್ಗಿಬಂದ ಯೋಚನೆಗೆ ನಿಮ್ಮ ಮಗಳು ಒಪ್ಪಿಗೆ ಕೊಟ್ಟಿಲ್ಲ. ಕೊಟ್ಟಿದ್ದರೆ ಹೀಗೆ ಅಳುತ್ತಿದ್ದಳಾ? ಗುರುಗಳು ಒಂದು ಸಲ ಇದನ್ನು ಬಿಡಿಸಿ ಹೇಳಲಿ. ಒಂದೇ ಸಲ. ಹತ್ತು ಸಲ ಹೇಳಿದರೆ ಅದೂ ಗೀಳಿಗೇ ತುತ್ತಾಗುತ್ತದೆ.

ಈಗ ನಿಮ್ಮ ಗಂಡನ ಮಾತಿನ ಇನ್ನರ್ಧ. ನಂಬಿಕೆ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿದ್ದೀರಿ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಉತ್ತರ ಸಿಗುತ್ತದೆ: ಎಂಥ ದೇವರು? ಕಷ್ಟದಲ್ಲಿ ಜನ ದೇವರನ್ನು ಹೇಗೆ ನೆನೆಯುತ್ತಾರೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಅವರು ಎರಡು ದಾರಿ ಗುರುತಿಸಿದರು. ದೇವರು ನನ್ನ ಜೊತೆಗಿದ್ದಾನೆ, ಇದನ್ನು ದಾಟಲು ಕೈ ಹಿಡಿಯುತ್ತಾನೆ ಎನ್ನುವುದು ಒಂದು. ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎನ್ನುವುದು ಇನ್ನೊಂದು. ಮೊದಲನೆಯದರ ಜೊತೆ ಸಾಮಾನ್ಯವಾಗಿ ನೆಮ್ಮದಿ ಕಾಣುತ್ತದೆ, ಎರಡನೆಯದರ ಜೊತೆ ಖಿನ್ನತೆ, ಆತಂಕ. ಒಂದೇ ಶಾಲೆ, ಒಂದೇ ಪ್ರಾರ್ಥನೆ, ಒಂದೇ ಪುಸ್ತಕ ಇರಬಹುದು. ಮಗುವಿನ ತಲೆಗೆ ಯಾವ ದೇವರು ಹೋದ ಎನ್ನುವುದು ಅದನ್ನು ಹೇಳಿಕೊಟ್ಟ ದೊಡ್ಡವರ ಮೇಲೆ ನಿಂತಿರುತ್ತದೆ. ಗೀಳಿನ ಬೀಜ ಮಗುವಿನಲ್ಲೇ ಇರಬಹುದು, ಆದರೆ ಹೆದರಿಸುವ ಧ್ಯಾನಕೂಟ ಅದಕ್ಕೆ ನೀರೆರೆಯುತ್ತದೆ.

ಶಾಲೆಯ ವಾತಾವರಣದಿಂದ ಲಾಭವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆಂಟನಿ ಬ್ರೈಕ್, ವ್ಯಾಲೆರಿ ಲೀ, ಪೀಟರ್ ಹಾಲಂಡ್ ಎಂಬ ಮೂವರು ಅಮೆರಿಕದ ಕಥೋಲಿಕ ಹೈಸ್ಕೂಲ್‌ಗಳನ್ನು ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದರು. ಬಡ ಮನೆಯ ಮಕ್ಕಳೂ ಅಲ್ಲಿ ಚೆನ್ನಾಗಿ ಕಲಿಯುತ್ತಿದ್ದರು. ಅದಕ್ಕೆ ಕಾರಣವಾಗಿ ಅವರು ಎತ್ತಿ ಹೇಳಿದ್ದು ಎಲ್ಲ ಮಕ್ಕಳಿಗೂ ಒಂದೇ ಗಟ್ಟಿ ಪಾಠ, ಒಂದು ಕುಟುಂಬದಂಥ ಶಾಲೆ, ತರಗತಿಯ ಆಚೆಗೂ ಮಕ್ಕಳ ಬದುಕಿನಲ್ಲಿ ಇರುತ್ತಿದ್ದ ಟೀಚರ್‌ಗಳು. ಪ್ರತಿ ಮಗುವೂ ಬೆಲೆಯುಳ್ಳದ್ದು ಎಂಬ ನಂಬಿಕೆ ಇದೆಲ್ಲದರ ತಳದಲ್ಲಿತ್ತು. ಅಂದರೆ ಅಲ್ಲಿ ವಿಶ್ವಾಸ ಕೆಲಸ ಮಾಡಿದ್ದು ದೊಡ್ಡವರು ಮಕ್ಕಳ ಜೊತೆ ನಡೆದುಕೊಂಡ ರೀತಿಯಲ್ಲಿ.

ಹಾಗಾದರೆ ನಿಮ್ಮ ಶಾಲೆಯನ್ನು ಹೇಗೆ ಅಳೆಯುವುದು? ಗೋಡೆಯ ಬರಹ ಬಿಡಿ. ಎಲ್ಲ ಶಾಲೆಯ ಗೋಡೆಯೂ ಚಂದವೇ. ಆಟದ ಬಿಡುವಿನಲ್ಲಿ ಒಂದು ದಿನ ಹೋಗಿ ನೋಡಿ. ಇದು ನನ್ನ ಐಡಿಯಾ ಅಲ್ಲ, ಡಾನ್ ಬಾಸ್ಕೋ ಅವರದ್ದು. ಟ್ಯೂರಿನ್‌ನಲ್ಲಿ ದಿಕ್ಕಿಲ್ಲದ ಹುಡುಗರಿಗಾಗಿ ಬದುಕು ಸವೆಸಿದ ಈ ಗುರು 1884ರ ಮೇ ತಿಂಗಳಲ್ಲಿ ರೋಮ್‌ನಿಂದ ಒಂದು ಪತ್ರ ಬರೆದರು. ಕನಸಿನಲ್ಲಿ ತಮ್ಮ ಶಾಲೆಯ ಆಟದ ಅಂಗಳ ಕಂಡಿತಂತೆ. ಹಳೆಯ ದಿನಗಳ ಗಲಾಟೆ, ನಗು ಇಲ್ಲ. ಹುಡುಗರು ಬೇಸರದಲ್ಲಿ ನಿಂತಿದ್ದಾರೆ. ಗುರುಗಳು ಒಂದು ಕಡೆ, ಹುಡುಗರು ಇನ್ನೊಂದು ಕಡೆ. ಹುಡುಗರನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಿದ್ದಾರೆ ಎಂದು ಹುಡುಗರಿಗೆ ಗೊತ್ತಾಗಬೇಕು ಎಂಬ ಅವರ ಮಾತು ಬಂದದ್ದು ಈ ಪತ್ರದಲ್ಲೇ. ಅದೇ ಪರೀಕ್ಷೆ ನೀವೂ ಮಾಡಿ. ಸಿಸ್ಟರ್ ಅಂಗಳಕ್ಕೆ ಬಂದಾಗ ಮಕ್ಕಳು ಹತ್ತಿರ ಓಡಿ ಬರುತ್ತಾರಾ, ದೂರ ಸರಿಯುತ್ತಾರಾ? ಮೌಲ್ಯಶಿಕ್ಷಣದ ಪುಸ್ತಕಕ್ಕಿಂತ ಇದು ಜಾಸ್ತಿ ಹೇಳುತ್ತದೆ.

ಆಮೇಲೆ ಪ್ರಿನ್ಸಿಪಾಲರ ಹತ್ತಿರ ಮಾತಾಡಿ. ದೂರು ಹೇಳುವ ಧಾಟಿ ಬೇಡ, ಗಟ್ಟಿಯಾಗಿ ಕೇಳಿದರೆ ಸಾಕು. ಧ್ಯಾನಕೂಟದಲ್ಲಿ ಮಾತಾಡಿದವರು ಯಾರು, ಏನು ಹೇಳಿದರು, ಮಕ್ಕಳ ವಯಸ್ಸಿಗೆ ಅದು ತಕ್ಕುದಾಗಿತ್ತಾ, ಕೇಳಿ. ನರಕದ ವರ್ಣನೆ ಮಾಡಿ ಮಕ್ಕಳನ್ನು ಅಳಿಸಿ, ಆಮೇಲೆ ಸಾಲಾಗಿ ಪಾಪನಿವೇದನೆಗೆ ನಿಲ್ಲಿಸುವ ಬೋಧಕರನ್ನು ನಾನು ಕಂಡಿದ್ದೇನೆ. ಮಕ್ಕಳು ಅತ್ತರೆ ಕೂಟ ಯಶಸ್ವಿಯಾಯಿತು ಎಂದುಕೊಳ್ಳುವವರು ಅವರು. ನೂರರಲ್ಲಿ ತೊಂಬತ್ತು ಮಕ್ಕಳು ಮಾರನೇ ದಿನ ಮರೆತು ಆಡಲು ಹೋಗುತ್ತಾರೆ. ಉಳಿದವರಲ್ಲಿ ನಿಮ್ಮ ಮಗಳಂಥವರು ಇರುತ್ತಾರೆ.

ಶಾಲೆಯಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು ಇದ್ದಾರಾ? ಅವರೇ ಶಿಸ್ತು ಸಮಿತಿಯಲ್ಲೂ ಕೂರುತ್ತಾರಾ? ಹಾಗಿದ್ದರೆ ಮಕ್ಕಳು ಬಾಯಿ ಬಿಡುವುದಿಲ್ಲ. ಈ ವಿಷಯದಲ್ಲಿ ಧರ್ಮಸಭೆಗೇ ಒಳ್ಳೆಯ ನಿಯಮ ಇದೆ, ಶಾಲೆಯವರು ಮರೆತಿರಬಹುದು ಅಷ್ಟೇ. 1983ರ ಧರ್ಮಸಭೆಯ ಕಾನೂನಿನ 985ನೇ ವಿಧಿ ಪ್ರಕಾರ, ವಿದ್ಯಾಸಂಸ್ಥೆಯ ಮುಖ್ಯಸ್ಥರಾದ ಗುರುಗಳು ತಮ್ಮದೇ ಮನೆಯಲ್ಲಿ ವಾಸಿಸುವ ವಿದ್ಯಾರ್ಥಿಗಳ ಪಾಪನಿವೇದನೆ ಕೇಳಬಾರದು, ವಿದ್ಯಾರ್ಥಿ ತಾನಾಗಿಯೇ ಕೇಳಿಕೊಂಡ ಸಂದರ್ಭ ಬಿಟ್ಟು. ಶಿಕ್ಷೆ ಕೊಡುವ ಅಧಿಕಾರ ಮತ್ತು ಮನಸ್ಸಿನ ಗುಟ್ಟು ಒಂದೇ ಕೈಯಲ್ಲಿ ಇರಬಾರದು ಎಂಬ ವಿವೇಕ ಅದರಲ್ಲಿದೆ. ನಿಮ್ಮದು ಹಾಸ್ಟೆಲ್ ಶಾಲೆ ಅಲ್ಲದಿದ್ದರೂ ಈ ವಿವೇಕ ಅಲ್ಲೂ ಸಲ್ಲುತ್ತದೆ. 991ನೇ ವಿಧಿ ಇನ್ನೂ ಸರಳ: ತನಗೆ ಬೇಕಾದ ಗುರುವಿನ ಬಳಿ ಪಾಪನಿವೇದನೆ ಮಾಡುವ ಸ್ವಾತಂತ್ರ್ಯ ಪ್ರತಿ ವಿಶ್ವಾಸಿಗೂ ಇದೆ. ತರಗತಿಗೆ ತರಗತಿಯನ್ನೇ ಸಾಲು ನಿಲ್ಲಿಸಿ, ಯಾರು ಹೋಗಲಿಲ್ಲ ಎಂದು ಟೀಚರ್ ಪಟ್ಟಿ ಮಾಡುವುದು ಈ ಸ್ವಾತಂತ್ರ್ಯಕ್ಕೆ ಒಗ್ಗುವುದಿಲ್ಲ.

ಬೇರೆ ಧರ್ಮದ ಮಕ್ಕಳ ವಿಷಯ ನೀವು ಕೇಳಿಲ್ಲ, ಆದರೂ ಶಾಲೆಯನ್ನು ಅಳೆಯಲು ಅದೂ ಒಂದು ಕೋಲು. 1965ರ ಡಿಸೆಂಬರ್ 7ರಂದು ಕಥೋಲಿಕ ಬಿಷಪ್‌ಗಳು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಘೋಷಣೆ, ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು ಎಂದಿತು. ಕಥೋಲಿಕ ಶಾಲೆಗಳ ಕುರಿತು 1988ರಲ್ಲಿ ವ್ಯಾಟಿಕನ್ ಹೊರತಂದ ಮಾರ್ಗದರ್ಶಿ ಇದನ್ನೇ ಶಾಲೆಗೆ ಇಳಿಸಿತು: ಸಾರುವುದು ಬೇರೆ, ಹೇರುವುದು ಬೇರೆ. ಹೇರುವುದು ಮನಸ್ಸಿನ ಮೇಲೆ ಮಾಡುವ ಹಿಂಸೆ, ಅದಕ್ಕೆ ಅನುಮತಿ ಇಲ್ಲ. ಬೇರೆ ಧರ್ಮದ ಮಗುವನ್ನು ಗೌರವದಿಂದ ನೋಡುವ ಶಾಲೆ ತನ್ನದೇ ಧರ್ಮದ ಮಗುವನ್ನೂ ಮೆತ್ತಗೆ ನಡೆಸಿಕೊಳ್ಳುವ ಸಾಧ್ಯತೆ ಹೆಚ್ಚು. ಇದು ನನ್ನ ಅನುಭವದ ಮಾತು, ಅಂಕಿಅಂಶ ಅಲ್ಲ.

ಹೊಗಳಿದ ಟೀಚರ್ ಮೇಲೆ ಕೋಪ ಬೇಡ. ಅವರಿಗೆ ಗೊತ್ತಾಗಿಲ್ಲ ಅಷ್ಟೇ. ಗೀಳಿರುವ ಮಕ್ಕಳು ತರಗತಿಯಲ್ಲಿ ಬಹಳ ಒಳ್ಳೆಯ ಮಕ್ಕಳು. ಸುಳ್ಳು ಹೇಳಲ್ಲ, ಜಗಳ ಆಡಲ್ಲ, ಹೋಂವರ್ಕ್ ಬಿಡಲ್ಲ. ಯಾರು ಅನುಮಾನ ಪಡುತ್ತಾರೆ? ಅವರಿಗೆ ಎರಡು ಸಂಗತಿ ಹೇಳಿ. ಭಕ್ತಿಗೆ ಅಂತ ಅವಳನ್ನು ಎಲ್ಲರೆದುರು ಹೊಗಳಬೇಡಿ. ಪ್ರಾರ್ಥನೆ ನಡೆಸುವ ಜವಾಬ್ದಾರಿಯನ್ನು ಕೆಲವು ತಿಂಗಳು ಬೇರೆಯವರಿಗೆ ಕೊಡಿ.

ಶಾಲೆ ಬಿಡಿಸಬೇಕಾ? ಈಗ ಬೇಡ. ಟಿ.ಸಿ. ತೆಗೆದುಕೊಂಡರೆ ಗೀಳು ಶಾಲೆಯಲ್ಲೇ ಉಳಿಯುವುದಿಲ್ಲ, ಮಗುವಿನ ಜೊತೆಗೇ ಹೊರಡುತ್ತದೆ. ಇರುವ ಗೆಳತಿಯರೂ ಕೈತಪ್ಪುತ್ತಾರೆ. ಆದರೆ ನೀವು ಹೇಳಿದ ಮೇಲೂ ಶಾಲೆ "ಇದು ಸೈತಾನನ ಕಾಟ" ಅಂದರೆ, ಡಾಕ್ಟರ್ ಹತ್ತಿರ ಹೋಗುವುದು ವಿಶ್ವಾಸದ ಕೊರತೆ ಅಂದರೆ, ಮಗಳ ವಿಷಯವನ್ನು ಸ್ಟಾಫ್‌ರೂಮಿನಲ್ಲಿ ಹರಟಿದರೆ, ಆಗ ಯೋಚನೆ ಮಾಡದೆ ಬಿಡಿಸಿ. ಪ್ರಿನ್ಸಿಪಾಲರು ಕೂತು ಕೇಳಿ, "ಮುಂದಿನ ಧ್ಯಾನಕೂಟಕ್ಕೆ ಮೊದಲು ನಿಮ್ಮನ್ನು ಕೇಳುತ್ತೇವೆ" ಅಂದರೆ ಅಲ್ಲೇ ಇರಿ. ಎಷ್ಟೋ ಸಲ ಅಂಥ ಒಂದು ಮಾತಿನಿಂದ ಉಳಿದ ಮಕ್ಕಳಿಗೂ ಒಳ್ಳೆಯದಾಗುತ್ತದೆ.

ಡಾಕ್ಟರ ಮೊದಲ ಭೇಟಿಗೆ ನಿಮ್ಮ ಗಂಡನೂ ಬರಲಿ. ಅಪ್ಪ ಧರ್ಮವನ್ನು ಬೈಯುವಾಗೆಲ್ಲ ಅಪ್ಪನ ಪಾಪಕ್ಕೂ ನಾನೇ ಪ್ರಾರ್ಥಿಸಬೇಕು ಎಂದು ಮಗಳು ಲೆಕ್ಕ ಹಾಕುತ್ತಿರಬಹುದು. ಹೀಗೆ ಮಾಡುವ ಮಕ್ಕಳನ್ನು ನೋಡಿದ್ದೇನೆ. ಅಲ್ಲಿಯವರೆಗೆ ಒಂದು ಪುಸ್ತಕ ಇಟ್ಟುಕೊಂಡು ರಾತ್ರಿ ಪ್ರಾರ್ಥನೆಗೆ ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಲ ಮೊದಲಿಂದ ಶುರುವಾಯಿತು, ಎಷ್ಟು ಗಂಟೆಗೆ ನಿದ್ದೆ ಬಂತು ಎಂದು ಬರೆಯಿರಿ. ಅವಳಿಗೆ ಗೊತ್ತಾಗದ ಹಾಗೆ ಬರೆಯಬೇಡಿ. ಅವಳನ್ನೇ ಕೇಳಿ ಬರೆಯಿರಿ. ತನ್ನ ತೊಂದರೆಯನ್ನು ಅಮ್ಮ ಬೈಯದೆ, ಅಳದೆ, ಹೊಗಳದೆ ಸುಮ್ನೆ ಬರೆದುಕೊಳ್ಳುತ್ತಿದ್ದಾಳೆ ಎಂಬುದನ್ನು ಅವಳು ಮೊದಲ ಸಲ ನೋಡುತ್ತಾಳೆ.